ಗುರಿ ಫೈಲಿನಲ್ಲಿ, ಹುಡುಗರು ಬೆಂಚಿನಲ್ಲಿ

ಕಾಲೇಜಿಗೆ ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ) ಮಾನ್ಯತೆಯ ಸರದಿ ಬಂದಾಗ ವಿದ್ಯಾರ್ಥಿಗಳ ಇ-ಮೇಲಿಗೆ ಒಂದು ಪ್ರಶ್ನಾವಳಿ ಬರುತ್ತದೆ. ಒಟ್ಟು 21 ಪ್ರಶ್ನೆ. ಸಿಲೆಬಸ್ ಎಷ್ಟು ಮುಗಿಯಿತು ಎಂಬುದು ಮೊದಲನೆಯದು, ಸುಧಾರಣೆಗೆ ಮೂರು ಸಲಹೆ ಕೊಡಿ ಎಂಬುದು ಕೊನೆಯದು. ನಡುವೆ ಎಲ್ಲೋ ಇನ್ನೊಂದು ಪ್ರಶ್ನೆ ಕೂತಿದೆ: ನಿಮ್ಮಿಂದ ಯಾವ ಸಾಮರ್ಥ್ಯ ನಿರೀಕ್ಷಿಸಲಾಗಿದೆ, ಈ ವಿಷಯ ಓದಿದ ಮೇಲೆ ನಿಮಗೆ ಏನು ಬರಬೇಕು, ಈ ಪದವಿ ಮುಗಿಸಿದ ಮೇಲೆ ಏನು ಬರಬೇಕು ಎಂಬುದನ್ನು ಅಧ್ಯಾಪಕರು ನಿಮಗೆ ತಿಳಿಸುತ್ತಾರೆಯೆ? ಉತ್ತರಗಳು ಐದು. ಪ್ರತಿ ಸಲ ತಿಳಿಸುತ್ತಾರೆ ಎಂದರೆ ನಾಲ್ಕು, ಎಂದೂ ಇಲ್ಲ ಎಂದರೆ ಸೊನ್ನೆ. ಗೆರೆಗಳ ನಡುವೆ ಸಿಕ್ಕಿಕೊಂಡಿರುವ ಈ ಒಂದು ಪ್ರಶ್ನೆಯೇ ನನ್ನ ಮಟ್ಟಿಗೆ ಇಡೀ ಪ್ರಶ್ನಾವಳಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಯಾಕೆಂದರೆ ಇದಕ್ಕೆ ಹುಡುಗರು ಒತ್ತುವ ಉತ್ತರಕ್ಕೂ ತರಗತಿಯಲ್ಲಿ ಆಗುವುದಕ್ಕೂ ಇರುವ ಅಂತರವನ್ನು ಯಾರೂ ಅಳೆದಿಲ್ಲ.

ತರಗತಿಯಲ್ಲಿ ಕೇಳಿಬರುವ ಮಾತು ಬೇರೆಯೇ. ‘ಸರ್, ಇದು ಪರೀಕ್ಷಾಕ್ಕ ಬರತೈತೇನ್ರಿ?’ ‘ಮೇಡಂ, ಇಂಪಾರ್ಟೆಂಟ್ ಅಷ್ಟ ಹೇಳಿಬಿಡ್ರಿ.’ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿನ ಪದವಿ ಕಾಲೇಜಿಗೆ ಹೋಗಿ ಕೂತರೂ ಸೆಮಿಸ್ಟರಿನ ಕೊನೆಯ ಮೂರು ವಾರ ಈ ಎರಡು ವಾಕ್ಯ ಕಿವಿಗೆ ಬೀಳದೆ ಇರವು. ಇದನ್ನು ಹುಡುಗರ ಸೋಮಾರಿತನ ಎಂದು ಬೈದು ಮುಗಿಸುವುದು ನಮ್ಮ ಸ್ಟಾಫ್ ರೂಮುಗಳ ಹಳೆಯ ರೂಢಿ. ಆದರೆ ಆ ಪ್ರಶ್ನೆಯನ್ನು ಒಮ್ಮೆ ನೆಟ್ಟಗೆ ಕೇಳಿಸಿಕೊಳ್ಳಿ. ‘ನನ್ನಿಂದ ಏನು ಬೇಕು ಹೇಳಿ’ ಎಂದೇ ಅವರು ಕೇಳುತ್ತಿರುವುದು. ಕಲಿಕೆಯ ಗುರಿಯನ್ನು ಯಾರೂ ಹೇಳದಿದ್ದಾಗ ವಿದ್ಯಾರ್ಥಿ ತಾನೇ ಅದನ್ನು ಹುಡುಕಿಕೊಳ್ಳುತ್ತಾನೆ. ಹುಡುಕಲು ಅವನಿಗೆ ಸಿಗುವ ಒಂದೇ ಜಾಗ ಝೆರಾಕ್ಸ್ ಅಂಗಡಿಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು.

ಗುರಿ ಬರೆದಿಡುವ ಪದ್ಧತಿ ನಮಗೆ ಹೊಸದಲ್ಲ. 1949ರಲ್ಲಿ ಅಮೆರಿಕದ ರಾಲ್ಫ್ ಟೈಲರ್ ಪಠ್ಯಕ್ರಮದ ಕೆಲಸವನ್ನು ಉದ್ದೇಶದಿಂದಲೇ ಶುರುಮಾಡಬೇಕು ಎಂದ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಜ್ಞಾನದಿಂದ ಮೌಲ್ಯಮಾಪನದವರೆಗೆ ಆರು ಮೆಟ್ಟಿಲು ಕಟ್ಟಿದರು. ಮರುವರ್ಷವೇ ಬ್ಲೂಮ್ ಭಾರತಕ್ಕೆ ಬಂದಿದ್ದ. ಮಾಧ್ಯಮಿಕ ಶಾಲೆಯ ಪರೀಕ್ಷೆಗಳನ್ನು ಸುಧಾರಿಸಲು ನಡೆದ ಕಮ್ಮಟಗಳಿಗೆ ಆತ ಸಲಹೆಗಾರ. ಅಲ್ಲಿಂದ ಆ ವಿಚಾರ ಬಿ.ಎಡ್. ಕಾಲೇಜುಗಳ ಪಾಠಯೋಜನೆಯ ವಹಿಗೆ ಇಳಿಯಿತು. ಬಿ.ಎಡ್. ಮಾಡಿದ ಯಾರನ್ನೇ ಕೇಳಿ, ‘ಸ್ಮರಿಸುವನು, ಗುರುತಿಸುವನು, ಅನ್ವಯಿಸುವನು’ ಎಂದು ಎಡಗಡೆಯ ಕಾಲಮ್ಮಿನಲ್ಲಿ ಬರೆದ ನೆನಪು ಹೇಳುತ್ತಾರೆ. ಬರೆದದ್ದು ಯಾರಿಗಾಗಿ? ವಹಿ ನೋಡಿ ಸಹಿ ಹಾಕುವ ಮಾರ್ಗದರ್ಶಕರಿಗಾಗಿ. ‘ಸ್ಮರಿಸುವನು’ ಎಂಬ ಕ್ರಿಯಾಪದದ ಕರ್ತೃವಾದ ಮಗುವಿಗೆ ಆ ವಹಿಯನ್ನು ಯಾರೂ ತೋರಿಸಲಿಲ್ಲ. ಹೀಗೆ ಭಾರತದಲ್ಲಿ ಗುರಿ ಎಂಬುದು ಹುಟ್ಟಿದಾಗಿನಿಂದ ಮೇಲಿನವರಿಗೆ ಒಪ್ಪಿಸುವ ಕಾಗದವಾಯಿತು.

ಇದಕ್ಕೆ ಒಂದು ದೊಡ್ಡ ಅಪವಾದ ನಮ್ಮ ಕರ್ನಾಟಕದಲ್ಲೇ ಇದೆ, ಅದೂ ಒಂದನೆಯ ತರಗತಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ‘ನಲಿ ಕಲಿ’. ಅದರ ಕಲಿಕಾ ಏಣಿ ಕೋಣೆಯ ಗೋಡೆಯ ಮೇಲೆಯೇ ಇರುತ್ತದೆ. ಮೈಲಿಗಲ್ಲು, ಅದರೊಳಗಿನ ಮೆಟ್ಟಿಲು, ಮೆಟ್ಟಿಲಿಗೊಂದು ಚಿತ್ರದ ಗುರುತು. ಆರು ವರ್ಷದ ಮಗು ಎದ್ದುಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ನೋಡಿಕೊಂಡು ಬಂದು ಕೂರುತ್ತದೆ. ಅಕ್ಷರ ಪೂರ್ತಿ ಬಾರದ ಮಗುವಿಗೂ ತನ್ನ ಗುರಿ ಕಾಣುವ ಹಾಗೆ ಮಾಡಿದ್ದು ಆ ಯೋಜನೆಯ ನಿಜವಾದ ಜಾಣತನ. ಶಿಕ್ಷಕರ ಕೊರತೆ, ಒಂದೇ ಕೋಣೆಯಲ್ಲಿ ತುಂಬಿದ ತರಗತಿಗಳು, ದೂಳು ತಿಂದ ಕಾರ್ಡುಗಳು ಇವೆಲ್ಲ ಆಮೇಲಿನ ಕಥೆ. ಅದನ್ನು ಬಲ್ಲವರು ಸಾಕಷ್ಟು ಬರೆದಿದ್ದಾರೆ.

2009-10ರಲ್ಲಿ ನಲಿ ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಎಲ್ಲೂ ನಪಾಸಾಗದೆ ಬಂದಿದ್ದರೆ 2018-19ರಲ್ಲಿ ಎಸ್ಸೆಸ್ಸೆಲ್ಸಿ ಬರೆದು, 2021ರಲ್ಲಿ ಪಿಯುಸಿ ಮುಗಿಸಿರಬೇಕು. ಆ ವರ್ಷ ಕೋವಿಡ್ ಕಾರಣ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಎಲ್ಲರೂ ಪಾಸು. ಅದೇ ತಂಡ 2021-22ರಲ್ಲಿ ಪದವಿ ಕಾಲೇಜಿಗೆ ಕಾಲಿಟ್ಟಿತು. ದೇಶದಲ್ಲೇ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಕರ್ನಾಟಕ ಜಾರಿಗೆ ತಂದ ವರ್ಷವೂ ಅದೇ. ಗೋಡೆಯ ಮೇಲೆ ತನ್ನ ಮೆಟ್ಟಿಲು ನೋಡಿ ಬೆಳೆದ ಮೊದಲ ತಲೆಮಾರು ಕಾಲೇಜಿಗೆ ಬಂದಾಗ ಗೋಡೆಯ ಮೇಲೆ ಕಂಡದ್ದು ಟೈಮ್‌ಟೇಬಲ್ ಮತ್ತು ಶುಲ್ಕ ಕಟ್ಟುವ ಕೊನೆಯ ದಿನಾಂಕ.

ನಡುವಿನ ಹತ್ತು ವರ್ಷ ಅವರು ಗುರಿಯಿಲ್ಲದೆ ಇರಲಿಲ್ಲ ಅನ್ನಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆ ಎಂಬುದೊಂದಿತ್ತು. ಯಾವ ಪಾಠಕ್ಕೆ ಎಷ್ಟು ಅಂಕ, ಸ್ಮರಣೆಗೆ ಎಷ್ಟು, ಅನ್ವಯಕ್ಕೆ ಎಷ್ಟು ಎಂಬ ಲೆಕ್ಕ ಮಾಸ್ತರರ ಬಾಯಲ್ಲೂ ಹುಡುಗರ ಬಾಯಲ್ಲೂ ಇರುತ್ತಿತ್ತು. ಪಿಯುಸಿಯಲ್ಲೂ ಹಾಗೆ. ನೀಲನಕ್ಷೆ ಕಲಿಕೆಯನ್ನು ಅಂಕಕ್ಕೆ ಇಳಿಸಿತು ಎಂದು ದೂರುವವರು ಇದ್ದಾರೆ, ಆ ದೂರಿನಲ್ಲಿ ಸುಳ್ಳಿಲ್ಲ. ಆದರೂ ಆಟದ ನಿಯಮ ಆಡುವವನಿಗೆ ಮೊದಲೇ ಗೊತ್ತಿತ್ತು. ಪದವಿಗೆ ಬಂದ ಕೂಡಲೇ ಅದೂ ಹೋಯಿತು.

ಕಾಗದದ ಮಟ್ಟದಲ್ಲಿ ನೋಡಿದರೆ ಪದವಿ ತರಗತಿಯಲ್ಲಿ ಗುರಿಗಳಿಗೆ ಬರವಿಲ್ಲ, ಸುಗ್ಗಿಯೇ ಇದೆ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನ್ಯಾಕ್ 2017ರಲ್ಲಿ ತನ್ನ ಮೌಲ್ಯಮಾಪನದ ಚೌಕಟ್ಟನ್ನು ಬದಲಿಸಿತು. ಕಲಿಕೆಯ ಫಲಗಳಿಗೆ ಅದರಲ್ಲಿ ಪ್ರತ್ಯೇಕ ಶೀರ್ಷಿಕೆ ಇತ್ತು: ಗುರಿಗಳನ್ನು ಬರೆದಿದ್ದೀರಾ, ಜಾಲತಾಣದಲ್ಲಿ ಹಾಕಿದ್ದೀರಾ, ಎಷ್ಟು ಈಡೇರಿತೆಂದು ಲೆಕ್ಕ ಹಾಕಿದ್ದೀರಾ? ಹಿಂದೆಯೇ ಯುಜಿಸಿ ಕಲಿಕೆಯ ಫಲಗಳನ್ನು ಆಧರಿಸಿದ ಪಠ್ಯಕ್ರಮದ ಚೌಕಟ್ಟನ್ನು ತಂದಿತು. ಎನ್‌ಇಪಿ ಪಠ್ಯಕ್ರಮಗಳಲ್ಲಿ ಪ್ರತಿ ಪತ್ರಿಕೆಯ ನೆತ್ತಿಯ ಮೇಲೆ ನಾಲ್ಕೈದು ಗುರಿಗಳು ಅಚ್ಚಾಗಿ ಬಂದವು. ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶದ (ಐಕ್ಯುಎಸಿ) ಕೋಣೆಯಲ್ಲಿ ಈಗ ದಪ್ಪ ಫೈಲುಗಳಿವೆ. ಪತ್ರಿಕೆಯ ಗುರಿಗಳು ಒಂದು ಕಡೆ, ಪದವಿಯ ಗುರಿಗಳು ಇನ್ನೊಂದು ಕಡೆ, ನಡುವಿನ ಚೌಕಗಳಲ್ಲಿ 1, 2, 3 ಎಂಬ ಅಂಕೆ. ಒಂದೆಂದರೆ ಸಂಬಂಧ ತೆಳು, ಮೂರೆಂದರೆ ಗಟ್ಟಿ. ಈ ‘ಮ್ಯಾಪಿಂಗ್’ ಮಾಡಲು ಅಧ್ಯಾಪಕರು ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ. ಅದರ ಒಂದು ಸಾಲೂ ಬೆಂಚಿನವರೆಗೆ ಇಳಿಯುವುದಿಲ್ಲ. ಬಿ.ಎಡ್. ವಹಿಯ ಸಹಿ ಈಗ ನ್ಯಾಕ್ ತಜ್ಞರ ತಂಡದ ಸಹಿಯಾಗಿದೆ, ಅಷ್ಟೇ ವ್ಯತ್ಯಾಸ.

ಮುಧೋಳದಲ್ಲಿ ಇದರ ಪಕ್ಕದಲ್ಲೇ ಇಟ್ಟು ನೋಡಬಹುದಾದ ಬೇರೊಂದು ಮಾದರಿ ಇದೆ. ಅಲ್ಲಿನ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ಮಹಾವಿದ್ಯಾಲಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ್ದು. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಗಾಗಿ ಇರುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ ಎಂಜಿನಿಯರಿಂಗ್ ಶಿಕ್ಷಣ ಗುರಿ-ಫಲಗಳ ಭಾಷೆಗೆ ಗಟ್ಟಿಯಾಗಿ ಕಟ್ಟುಬಿತ್ತು. ವಿಟಿಯುವಿನ 2022ರ ಸ್ಕೀಮಿನ ಪ್ರಶ್ನೆಪತ್ರಿಕೆ ತೆಗೆದು ನೋಡಿದರೆ ಬಲ ಅಂಚಿನಲ್ಲಿ ಮೂರು ಕಿರಿದಾದ ಕಾಲಮ್ಮು: ಪ್ರಶ್ನೆಗೆ ಎಷ್ಟು ಅಂಕ, ಬ್ಲೂಮ್ ಏಣಿಯ ಎಷ್ಟನೆಯ ಮೆಟ್ಟಿಲು, ಪತ್ರಿಕೆಯ ಎಷ್ಟನೆಯ ಗುರಿ. ಹುಡುಗರು ಅದನ್ನು ಗಮನಿಸುತ್ತಾರೋ ಇಲ್ಲವೋ ಬೇರೆ ಮಾತು. ಆದರೆ ಗುರಿಗೂ ಪರೀಕ್ಷೆಗೂ ಇರುವ ಕೊಂಡಿ ಅವರ ಕೈಯಲ್ಲಿರುವ ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ. ಅದೇ ಊರಿನ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೆ ಆ ಮೂರರಲ್ಲಿ ಮೊದಲನೆಯದಷ್ಟೇ ದಕ್ಕುತ್ತದೆ.

ಗುರಿ ಹೇಳಿದರೆ ನಿಜವಾಗಿ ಏನಾದರೂ ಆಗುತ್ತದೆಯೆ? ಈ ಪ್ರಶ್ನೆಗೆ ಹೊರದೇಶಗಳ ಸಂಶೋಧನೆ ಕೊಡುವ ಉತ್ತರ ನಮ್ಮ ಉತ್ಸಾಹಿಗಳು ಬಯಸುವಷ್ಟು ಸರಳವಾಗಿಲ್ಲ. ಆಸ್ಟ್ರೇಲಿಯಾದ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಹೇಳಿದ್ದು ಇಂದಿಗೂ ಅಡಿಪಾಯ: ಕಲಿಯುವವನಿಗೆ ತಾನು ಮುಟ್ಟಬೇಕಾದ ಮಟ್ಟ ಗೊತ್ತಿರಬೇಕು, ಈಗಿರುವ ಮಟ್ಟವನ್ನು ಅದರ ಪಕ್ಕ ಇಟ್ಟು ನೋಡಲು ಬರಬೇಕು, ಅಂತರ ಕಡಿಮೆ ಮಾಡಲು ಏನಾದರೂ ಮಾಡಬೇಕು. ಮೂರೂ ಕೂಡಿದರಷ್ಟೇ ಉಪಯೋಗ. ಮೊದಲನೆಯದನ್ನು ಮಾತ್ರ ಮಾಡಿ ಕೈತೊಳೆದುಕೊಂಡರೆ ಏನೂ ಆಗದು. 2020ರಲ್ಲಿ ಫರಿಯಾ ಸನಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಇದನ್ನೇ ಬೇರೆ ದಿಕ್ಕಿನಿಂದ ತೋರಿಸಿದವು. ಪಾಠದ ಮುಂದೆ ಗುರಿಗಳನ್ನು ವಾಕ್ಯಗಳಾಗಿ ಓದಲು ಕೊಟ್ಟದ್ದಕ್ಕಿಂತ, ಅವೇ ಗುರಿಗಳನ್ನು ಬಹು ಆಯ್ಕೆಯ ಪ್ರಶ್ನೆಗಳಾಗಿ ಮಾಡಿ ಪಾಠಕ್ಕೆ ಮುಂಚೆಯೇ ಕೇಳಿದಾಗ ಕಲಿಕೆ ಹೆಚ್ಚಾಯಿತು. ಉತ್ತರ ತಪ್ಪಾದರೂ ಪರವಾಗಿಲ್ಲ, ಪ್ರಶ್ನೆ ತಲೆಯೊಳಗೆ ಕೂತರೆ ಪಾಠ ಓದುವಾಗ ಕಣ್ಣು ಅದನ್ನೇ ಹುಡುಕುತ್ತದೆ.

ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು ಅಮೆರಿಕದ ಇನ್ನೊಂದು ಅಧ್ಯಯನ. ಮೇರಿ-ಆನ್ ವಿಂಕೆಲ್ಮ್ಸ್ ಮುಂದಾಳತ್ವದಲ್ಲಿ ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಗಳು ಹೆಚ್ಚಿರುವ ಏಳು ಸಂಸ್ಥೆಗಳಲ್ಲಿ ನಡೆದು, 2016ರಲ್ಲಿ ಪ್ರಕಟವಾಯಿತು. ಅಲ್ಲಿನ ಅಧ್ಯಾಪಕರು ಇಡೀ ಪಠ್ಯವನ್ನು ತಿದ್ದಲಿಲ್ಲ. ಒಂದು ಅವಧಿಯಲ್ಲಿ ಎರಡೇ ಅಸೈನ್‌ಮೆಂಟುಗಳನ್ನು ಬಿಡಿಸಿ ಹೇಳಿದರು: ಇದನ್ನು ಯಾಕೆ ಕೊಡುತ್ತಿದ್ದೇನೆ, ನೀವು ಮಾಡಬೇಕಾದ್ದೇನು, ನಾನು ಹೇಗೆ ಅಳೆಯುತ್ತೇನೆ. ಅಷ್ಟಕ್ಕೇ ವಿದ್ಯಾರ್ಥಿಗಳು ತಮ್ಮ ಆತ್ಮವಿಶ್ವಾಸ, ಕಾಲೇಜು ತಮ್ಮದೆಂಬ ಭಾವ, ಕೌಶಲ ಮೂರೂ ಹೆಚ್ಚಾದವು ಎಂದರು. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವರಲ್ಲಿ ಈ ಲಾಭ ಇನ್ನೂ ದೊಡ್ಡದು. ಇದು ವಿದ್ಯಾರ್ಥಿಗಳೇ ತಮ್ಮ ಬಗ್ಗೆ ಹೇಳಿಕೊಂಡದ್ದು ಎಂಬ ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೂ ಕಾರಣ ಊಹಿಸಲು ಕಷ್ಟವಿಲ್ಲ. ಅಪ್ಪ ಪ್ರಾಧ್ಯಾಪಕನಾಗಿದ್ದರೆ ‘ಚರ್ಚಿಸಿರಿ’ ಎಂಬ ಪ್ರಶ್ನೆಗೆ ಏನು ಬರೆಯಬೇಕೆಂದು ಊಟದ ಹೊತ್ತಿಗೇ ತಿಳಿಯುತ್ತದೆ. ಅಪ್ಪ ರಬಕವಿಯಲ್ಲಿ ಪವರ್‌ಲೂಮ್ ಓಡಿಸುವವನಾಗಿದ್ದರೆ, ಅವ್ವ ಕಂಡಿಕಿ ಸುತ್ತುವವಳಾಗಿದ್ದರೆ, ಆ ಗುಟ್ಟನ್ನು ಹೇಳಿಕೊಡುವವರು ಕಾಲೇಜಿನಲ್ಲಷ್ಟೇ ಇರಲು ಸಾಧ್ಯ.

ಹಾಗಾದರೆ ಹೇಳುವುದು ಹೇಗೆ? ಸಿಲೆಬಸ್ಸಿನಲ್ಲಿರುವ ವಾಕ್ಯಗಳನ್ನು ಓದಿ ಹೇಳಿದರೆ ಹುಡುಗರು ಆಕಳಿಸುತ್ತಾರೆ, ಅದು ಅವರ ತಪ್ಪಲ್ಲ. ಬಿ.ಕಾಂ.ನ ವೆಚ್ಚ ಲೆಕ್ಕಶಾಸ್ತ್ರದ ಗುರಿ ಕಾಗದದಲ್ಲಿ ‘ಸೀಮಾಂತ ವೆಚ್ಚದ ಪರಿಕಲ್ಪನೆಯನ್ನು ಅರ್ಥೈಸಿಕೊಳ್ಳುವುದು’ ಎಂದಿರುತ್ತದೆ. ಬನಹಟ್ಟಿಯ ತರಗತಿಯಲ್ಲಿ ಇದನ್ನೇ ಹೀಗೆ ಹೇಳಬಹುದು: ‘ನಾಲ್ಕು ಮಗ್ಗದ ಒಂದು ಘಟಕ ತಗೊಳ್ರಿ. ಒಂದು ಸೀರೆಗೆ ನೂಲಿಗೆಷ್ಟು, ಕೂಲಿಗೆಷ್ಟು, ಕರೆಂಟಿಗೆಷ್ಟು, ಮಗ್ಗ ನಿಂತರೂ ತಪ್ಪದ ಬಾಡಿಗೆ-ಬಡ್ಡಿ ಎಷ್ಟು ಅಂತ ಬಿಡಿಸಿ, ತಿಂಗಳಿಗೆ ಎಷ್ಟು ಸೀರೆ ಮಾರಿದರ ಲುಕ್ಸಾನಿಲ್ಲ ಅಂತ ಈ ಘಟಕ ಮುಗಿಯೂದರೊಳಗ ನಿಮಗ ಹೇಳಾಕ ಬರಬೇಕು.’ ಈ ಗುರಿ ಕೇಳಿದ ಹುಡುಗ ಸಂಜೆ ಮನೆಗೆ ಹೋಗಿ ಅಪ್ಪನ ವಹಿ ತೆರೆದು ನೋಡುವ ಸಂಭವ ಉಂಟು. ಅರ್ಥಶಾಸ್ತ್ರದ್ದಾದರೆ ಮುಧೋಳ, ಜಮಖಂಡಿ ಕಬ್ಬಿನ ಸೀಮೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಸಕ್ಕರೆ ಇಳುವರಿಯ (ರಿಕವರಿ) ಕಬ್ಬಿಗೆ ಕ್ವಿಂಟಾಲಿಗೆ 340 ರೂಪಾಯಿ ನ್ಯಾಯಸಮ್ಮತ ಲಾಭದಾಯಕ ಬೆಲೆ (ಎಫ್‌ಆರ್‌ಪಿ) ನಿಗದಿ ಮಾಡಿ, ಮೇಲಿನ ಪ್ರತಿ 0.1ಕ್ಕೆ 3.32 ರೂಪಾಯಿ ಸೇರಿಸಿತ್ತು. ರಿಕವರಿ 11ಕ್ಕೆ ಹೋದರೆ ಟನ್ನಿಗೆ 249 ರೂಪಾಯಿ ಹೆಚ್ಚು ಬರಬೇಕು ಎಂದು ತಾನೇ ಲೆಕ್ಕ ಹಾಕಿ, ಆ ಸೂತ್ರದಿಂದ ಯಾರಿಗೆ ಲಾಭ ಎಂದು ವಾದಿಸಬಲ್ಲವನಾಗುವುದು ಬೆಲೆ ನೀತಿಯ ಪಾಠಕ್ಕೆ ಚೆನ್ನಾದ ಗುರಿ.

ಇತಿಹಾಸದವರಿಗೆ ಹಲಗಲಿ ಇದೆ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ತಿರುಗಿಬಿದ್ದದ್ದನ್ನು ಹುಡುಗರು ಎಸ್ಸೆಸ್ಸೆಲ್ಸಿಯ ಕನ್ನಡ ಪುಸ್ತಕದ ಲಾವಣಿಯಲ್ಲೇ ಓದಿ ಬಂದಿರುತ್ತಾರೆ. ಆ ಬಗೆಯ ಲಾವಣಿಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಜೆ.ಎಫ್. ಫ್ಲೀಟ್, ಅದೇ ಕಂಪನಿ-ರಾಣಿ ಸರ್ಕಾರದ ಪರಂಪರೆಯ ಅಧಿಕಾರಿ. ‘1857ರ ಕಾರಣಗಳನ್ನು ಪಟ್ಟಿ ಮಾಡಬಲ್ಲರು’ ಎಂಬ ಗುರಿಗೂ ‘ಸರ್ಕಾರಿ ಕಾಗದವನ್ನೂ ಲಾವಣಿಯನ್ನೂ ಪಕ್ಕಪಕ್ಕ ಇಟ್ಟು, ಯಾವುದು ಏನನ್ನು ಹೇಳದೆ ಬಿಟ್ಟಿದೆ ಎಂದು ಗುರುತಿಸಬಲ್ಲರು’ ಎಂಬ ಗುರಿಗೂ ಇರುವ ದೂರ ಸಣ್ಣದಲ್ಲ. ಮೊದಲನೆಯದನ್ನು ಹೇಳಿದರೂ ಹೇಳದಿದ್ದರೂ ನಡೆಯುತ್ತದೆ, ಗೈಡಿನಲ್ಲಿ ಇದ್ದೇ ಇದೆ. ಎರಡನೆಯದನ್ನು ಹೇಳದಿದ್ದರೆ ವಿದ್ಯಾರ್ಥಿಗೆ ಹೊಳೆಯುವುದೇ ಇಲ್ಲ. ಬಿಡಿಸಿ ಹೇಳಬೇಕಾದ್ದು ಇಂಥವನ್ನೇ. ಒಂದು ಪತ್ರಿಕೆಗೆ ಎರಡೋ ಮೂರೋ ಸಾಕು, ಹತ್ತಾದರೆ ಅವೂ ಫೈಲಾಗುತ್ತವೆ.

ಯಾವಾಗ ಹೇಳಬೇಕು ಎಂಬುದು ಇನ್ನೂ ಮುಖ್ಯ. ಸೆಮಿಸ್ಟರಿನ ಮೊದಲ ದಿನ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಮೊದಲ ದಿನ ಎಂಬುದೇ ಇಲ್ಲ. ಪ್ರವೇಶದ ಕೊನೆಯ ದಿನಾಂಕ ಮುಂದೆ ಹೋಗುತ್ತಲೇ ಇರುತ್ತದೆ, ಪಾಠ ಶುರುವಾಗಿ ವಾರಗಳ ಮೇಲೂ ಹೊಸ ಮುಖಗಳು ಬಂದು ಕೂರುತ್ತವೆ. ಅಷ್ಟರಲ್ಲಿ ಪಂಚಮಿ ಬಂದು ತರಗತಿ ಅರ್ಧ ಖಾಲಿ, ಆಮೇಲೆ ಗಣಪತಿ. ಕೃಷ್ಣೆ ತುಂಬಿದ ವರ್ಷ ಜಮಖಂಡಿಯ ನದಿದಂಡೆಯ ಊರುಗಳ ಹುಡುಗರು ಬರುವಂತೆಯೇ ಇಲ್ಲ; 2019ರ ಆಗಸ್ಟಿನಲ್ಲಿ ಹಾಗೇ ಆಯಿತು. ದೀಪಾವಳಿಯ ಹಿಂದೆ-ಮುಂದೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಕಬ್ಬು ಕಳಿಸುವ ಮನೆಗಳ ಹುಡುಗರಿಗೆ ಟ್ರ್ಯಾಕ್ಟರಿನ ಸರದಿ ಕಾಯುವ ಕೆಲಸ ಇರುತ್ತದೆ. ಇಂಥ ಕ್ಯಾಲೆಂಡರಿನಲ್ಲಿ ಒಮ್ಮೆ ಹೇಳಿದ್ದನ್ನು ಕೇಳಿದವರಿಗಿಂತ ಕೇಳದವರೇ ಹೆಚ್ಚು. ಕೇಳಿದವರಿಗೂ ಪಾಠವೇ ಗೊತ್ತಿಲ್ಲದಾಗ ಅದರ ಗುರಿ ಬರಿಯ ಸದ್ದು.

ಸೆಮಿಸ್ಟರಿನ ನಡುವೆ ಹೇಳಲು ಎರಡು ಒಳ್ಳೆಯ ಸಂದರ್ಭಗಳಿವೆ. ಘಟಕ ಶುರುವಾಗುವ ದಿನ ಅದರ ಗುರಿಯನ್ನು ಒಂದು ಪ್ರಶ್ನೆಯಾಗಿ ಬೋರ್ಡಿನ ಮೂಲೆಯಲ್ಲಿ ಬರೆದು ಘಟಕ ಮುಗಿಯುವವರೆಗೆ ಅಳಿಸದೆ ಬಿಡುವುದು ಒಂದು. ಇದಕ್ಕೆ ಪ್ರೊಜೆಕ್ಟರ್ ಬೇಡ, ಸಮಿತಿ ಬೇಡ. ಮುಂದಿನ ತಾಸಿನವರು ಅಳಿಸದಿದ್ದರೆ ಸಾಕು. ಇನ್ನೊಂದು, ಮೊದಲ ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆ ಮರಳಿ ಕೊಡುವ ದಿನ. ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ತನ್ನ ಮಟ್ಟವನ್ನು ಕಣ್ಣಾರೆ ನೋಡುವುದು ಅದೊಂದೇ ದಿನ. ‘ಹತ್ತಕ್ಕೆ ಐದು’ ಎಂಬ ಅಂಕೆಯ ಜೊತೆಗೆ ‘ನಿಮಗೆ ವ್ಯಾಖ್ಯೆ ಬರತೈತಿ, ಉದಾಹರಣೆಗೆ ಹಚ್ಚಾಕ ಬರವಲ್ದು, ಈ ಪತ್ರಿಕೆ ಕೇಳೂದು ಎರಡನೇದನ್ನ’ ಎಂದು ಒಂದು ಮಾತು ಬಿದ್ದರೆ ಸ್ಯಾಡ್ಲರ್ ಹೇಳಿದ ಮೂರೂ ಒಂದೇ ನಿಮಿಷದಲ್ಲಿ ಆಗುತ್ತವೆ. ಇಂಟರ್ನಲ್ ಅಂಕಗಳನ್ನು ನೇರ ಪೋರ್ಟಲ್ಲಿಗೆ ತುಂಬಿ, ಉತ್ತರಪತ್ರಿಕೆಯನ್ನು ಕಪಾಟಿಗೆ ಹಾಕುವ ಕಡೆ ಈ ದಿನವೇ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುತ್ತಿಲ್ಲ ಎಂದರೆ ಅಧ್ಯಾಪಕರ ಅಸಡ್ಡೆ ಎಂದುಬಿಡುವುದು ಸುಲಭ. ನಾನು ಅದನ್ನು ಕೊನೆಯ ಕಾರಣ ಎನ್ನುತ್ತೇನೆ. ಮೊದಲನೆಯದು, ಗುರಿಗಳೇ ನಿಲ್ಲುತ್ತಿಲ್ಲ. 2021ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಠ್ಯ. 2021-22ರಿಂದ ಎನ್‌ಇಪಿ, ನಾಲ್ಕು ವರ್ಷದ ಆನರ್ಸ್ ಪದವಿಯ ಮಾತು, 60 ಅಂಕ ಪರೀಕ್ಷೆಗೆ 40 ಆಂತರಿಕಕ್ಕೆ. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ, 2024ರ ಮೇ ತಿಂಗಳಲ್ಲಿ ಆದೇಶ, 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಹೊಸ ಸಿಲೆಬಸ್. ಆ ವರ್ಷ ಒಬ್ಬರೇ ಅಧ್ಯಾಪಕರು ಬೆಳಿಗ್ಗೆ ಮೊದಲ ವರ್ಷಕ್ಕೆ ಒಂದು ನೀತಿಯನ್ನೂ ಮಧ್ಯಾಹ್ನ ಕೊನೆಯ ವರ್ಷಕ್ಕೆ ಇನ್ನೊಂದು ನೀತಿಯನ್ನೂ ಕಲಿಸಿದರು. ನೀತಿಗಳ ಗುಣದೋಷ ಇಲ್ಲಿಯ ವಿಷಯವಲ್ಲ. ಆದರೆ ಗುರಿಯೊಂದು ಅಧ್ಯಾಪಕರ ಬಾಯಿಗೆ ಹತ್ತಲು, ಉದಾಹರಣೆಗಳು ಕೂಡಿಬರಲು, ಮೂರು-ನಾಲ್ಕು ತಂಡಗಳಿಗಾದರೂ ಅದನ್ನು ಕಲಿಸಬೇಕು. ಅಷ್ಟು ಕಾಲ ಯಾವ ಸಿಲೆಬಸ್ಸಿಗೂ ಸಿಕ್ಕಿಲ್ಲ.

ಎರಡನೆಯದು ಅತಿಥಿ ಉಪನ್ಯಾಸಕರ ಪ್ರಶ್ನೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ತಾಲ್ಲೂಕು ಕೇಂದ್ರಗಳ ಕಾಲೇಜು ನಿಂತಿರುವುದೇ ಅವರ ಹೆಗಲ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿ ವಾರದ ಬೋಧನೆಯನ್ನು 15 ತಾಸಿಗೆ ನಿಗದಿ ಮಾಡಿದಾಗ ಇದ್ದವರ ಸಂಬಳ ಹೆಚ್ಚಿತು, ಹಲವರ ಕೆಲಸವೇ ಹೋಯಿತು. 2023ರ ಕೊನೆಗೆ ಸೇವೆ ಕಾಯಂ ಮಾಡಿ ಎಂದು ವಾರಗಟ್ಟಲೆ ಮುಷ್ಕರ ನಡೆಯಿತು, ಪಾಠ ನಿಂತಿತು. ಕೌನ್ಸೆಲಿಂಗ್ ಮುಗಿದು ಆದೇಶ ಕೈಗೆ ಬರುವುದೇ ಸೆಮಿಸ್ಟರ್ ಶುರುವಾದ ಮೇಲೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರಿಗೆ ಪದವಿಯ ಮೂರು ವರ್ಷದ ಗುರಿಯ ಬಗ್ಗೆ ಮಾತನಾಡಿ ಎಂದು ಹೇಳಲು ನಾಲಿಗೆ ಏಳಬೇಕಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಸಂಯೋಜಿತ ಕಾಲೇಜಿನಲ್ಲಿ ಕಲಿಸುವವರು ಒಬ್ಬರು, ಪ್ರಶ್ನೆಪತ್ರಿಕೆ ತೆಗೆಯುವವರು ಬೇರೆಯವರು, ಉತ್ತರ ತಿದ್ದುವವರು ಇನ್ನೂ ಬೇರೆಯವರು. ಹಲಗಲಿಯ ಎರಡು ಕಾಗದ ಪಕ್ಕಪಕ್ಕ ಇಡುವುದನ್ನು ನೀವು ಮನಸ್ಸಿಟ್ಟು ಕಲಿಸಬಹುದು. ಡಿಸೆಂಬರಿನ ಪತ್ರಿಕೆ ‘1857ರ ದಂಗೆಯ ಕಾರಣಗಳನ್ನು ವಿವರಿಸಿರಿ, 15 ಅಂಕ’ ಎಂದು ಕೇಳಿದರೆ ನಿಮ್ಮ ಮಾತು ನಂಬಿದ ಹುಡುಗಿಗೆ ನಷ್ಟ, ಗೈಡ್ ನಂಬಿದವಳಿಗೆ ಲಾಭ. ಮುಂದಿನ ಸೆಮಿಸ್ಟರಿನಲ್ಲಿ ಅವರು ಯಾರ ಮಾತು ಕೇಳುತ್ತಾರೆ ಎಂದು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳ ಪಾಲಿಗೆ ಪಠ್ಯಕ್ರಮ ಎಂದರೆ ಪರೀಕ್ಷೆಯೇ ಎಂದು ಪಾಲ್ ರಾಮ್ಸ್‌ಡನ್, ಗುರಿ-ಪಾಠ-ಪರೀಕ್ಷೆ ಒಂದೇ ಸಾಲಿನಲ್ಲಿರಬೇಕು ಎಂದು ಜಾನ್ ಬಿಗ್ಸ್ 1990ರ ದಶಕದಲ್ಲಿ ಹೇಳಿದ್ದರ ತಾತ್ಪರ್ಯ ನಮ್ಮಲ್ಲಿ ಹೀಗೆ ಅನುಭವಕ್ಕೆ ಬರುತ್ತದೆ. ಎನ್‌ಇಪಿಯ 40 ಆಂತರಿಕ ಅಂಕಗಳು ಕಲಿಸುವವರ ಕೈಗೆ ಸ್ವಲ್ಪ ಬಲ ಕೊಟ್ಟಿದ್ದವು. ಆ ಬಲವನ್ನು ಬಳಸಿಕೊಂಡದ್ದಕ್ಕಿಂತ ಎಲ್ಲರಿಗೂ 38 ಹಾಕಿ ಕಳೆದುಕೊಂಡದ್ದೇ ಹೆಚ್ಚು ಎಂಬುದನ್ನೂ ಹೇಳಬೇಕು.

ಎದುರುವಾದವನ್ನು ಇಲ್ಲಿ ಕೇಳದೆ ಹೋಗುವುದು ಸರಿಯಲ್ಲ. ಕಲಿಕೆಯನ್ನು ಮೊದಲೇ ಬರೆದಿಟ್ಟ ಗುರಿಗೆ ಕಟ್ಟಿಹಾಕುವುದು ತಪ್ಪು ಎಂದು ಎಲಿಯಟ್ ಐಸ್ನರ್ 1967ರಲ್ಲೇ ವಾದಿಸಿದ. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್‌ನ ಪ್ರಕಾರ ಶಿಕ್ಷಣ ಗೆದ್ದಷ್ಟೂ ಅದರ ಫಲವನ್ನು ಮುಂಚೆ ಹೇಳಲಾಗುವುದಿಲ್ಲ. 2002ರಲ್ಲಿ ಹಸ್ಸಿ ಮತ್ತು ಸ್ಮಿತ್, ಕಲಿಕೆಯ ಫಲಗಳು ಆಡಳಿತದ ಸಾಧನವಾಗಿ ಬದಲಾದ ಬಗೆಯನ್ನು ತರಾಟೆಗೆ ತೆಗೆದುಕೊಂಡರು. ಕವಿ ರನ್ನನ ಊರಾದ ಮುಧೋಳದಲ್ಲಿ ಕೂತು ಯೋಚಿಸಿದರೆ ಈ ವಾದದ ಬಲ ತಿಳಿಯುತ್ತದೆ. ಅವನ ‘ಗದಾಯುದ್ಧ’ದ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ಭಾಗವನ್ನು ಓದಿದ ಮೇಲೆ ವಿದ್ಯಾರ್ಥಿಗೆ ‘ಏನು ಬರಬೇಕು’? ಯಾವ ಕ್ರಿಯಾಪದ ಹಾಕೋಣ? ಖಳನ ಮೇಲೆ ಹುಟ್ಟುವ ಮರುಕವನ್ನು ಬ್ಲೂಮ್‌ನ ಯಾವ ಮೆಟ್ಟಿಲಿಗೆ ಏರಿಸೋಣ? ಏರಿಸಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ತರಗತಿಯಲ್ಲಿ ‘ಒಂದು ಕಂದಪದ್ಯವನ್ನು ಟಿಪ್ಪಣಿಯ ನೆರವಿಲ್ಲದೆ ಪದ ಬಿಡಿಸಿ ಓದಲು ಬರಬೇಕು’ ಎಂಬ ಗುರಿ ಇಡಬಹುದು, ಇಡಲೇಬೇಕು. ಹಳಗನ್ನಡ ಬಿಡಿಸಲು ಬಾರದವನಿಗೆ ಆ ಮರುಕದ ಬಾಗಿಲೇ ತೆರೆಯದು. ಗೈಡಿನ ಸಾರಾಂಶ ಓದಿ ಅವನು ಪಾಸಾಗುತ್ತಾನೆ. ಹೇಳಬಹುದಾದ್ದನ್ನು ಹೇಳಿ, ಹೇಳಲಾಗದ್ದಕ್ಕೆ ಜಾಗ ಬಿಡುವ ವಿವೇಕ ಅಧ್ಯಾಪಕರಿಗೆ ಸೇರಿದ್ದು. ಎಲ್ಲ ಚೌಕಗಳನ್ನೂ ತುಂಬಿ ಎನ್ನುವ ನಮೂನೆ ಆ ವಿವೇಕವನ್ನೇ ಕಸಿದುಕೊಳ್ಳುತ್ತದೆ. 2024ರ ಜನವರಿಯಲ್ಲಿ ನ್ಯಾಕ್ ಗ್ರೇಡುಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಬಗೆಯ ಪದ್ಧತಿಗೆ ಹೋಗುವುದಾಗಿ ಘೋಷಿಸಿತು. ಅದರಿಂದ ಫೈಲಿನ ಭಾರ ಇಳಿದರೆ ಒಳ್ಳೆಯದೇ.

ಇನ್ನೊಂದು ತಡೆ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗುರಿ ಹೇಳಿದರೆ ವಿದ್ಯಾರ್ಥಿಯ ಕೈಗೆ ಒಂದು ಅಳತೆಗೋಲು ಸಿಗುತ್ತದೆ. ‘ಸರ್, ಇದು ಬರಬೇಕು ಅಂದಿದ್ರಿ, ಕಲಿಸಲಿಲ್ಲಲ್ರಿ’ ಎಂದು ಅವನು ಕೇಳಬಹುದು. ಗುರುವಿನ ಎದುರು ಕೂರಲೂ ಸಂಕೋಚಪಡುವ ನಮ್ಮ ಕಡೆಯ ನಡವಳಿಕೆಯಲ್ಲಿ ಈ ಪ್ರಶ್ನೆ ಉದ್ಧಟತನದಂತೆ ಕೇಳಿಸುತ್ತದೆ. ಕೇಳಿಸಲಿ ಬಿಡಿ. ನ್ಯಾಕ್ ಪ್ರಶ್ನಾವಳಿಯಲ್ಲಿ ಮೇಲಿನ ಗುಂಡಿಯನ್ನೇ ಒತ್ತಿ ಎಂದು ಹೇಳಿಸಿಕೊಂಡ ವಿದ್ಯಾರ್ಥಿಗಿಂತ ಹಾಗೆ ಕೇಳುವವನು ಕಾಲೇಜಿಗೆ ಹೆಚ್ಚು ಉಪಯೋಗಿ.

ಶಿಕ್ಷಣದ ವಿಷಯಕ್ಕೆ ಜಮಖಂಡಿಗೆ ಹಳೆಯ ನಂಟಿದೆ. ಪುಣೆಯ ಸರ್ ಪರಶುರಾಮಭಾವು ಕಾಲೇಜು ಹೊತ್ತಿರುವುದು ಈ ಸಂಸ್ಥಾನದ ಅರಸರ ಹೆಸರು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದ ಗುರುದೇವ ರಾನಡೆ ಹುಟ್ಟಿದ್ದು, ಶಾಲೆ ಕಲಿತದ್ದು ಇಲ್ಲಿ. ಆದರೂ ಇಲ್ಲಿನ ಪದವಿ ಕಾಲೇಜುಗಳ ಪ್ರಶ್ನೆಪತ್ರಿಕೆಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬಂದವು. ಎರಡೂ ನೂರು ಕಿಲೋಮೀಟರಿಗಿಂತ ದೂರ. ಪಠ್ಯಕ್ರಮ ಮಂಡಳಿಗಳಲ್ಲಿ ತಾಲ್ಲೂಕು ಕಾಲೇಜಿನವರಿಗೆ ಸಿಗುತ್ತಿದ್ದ ಕುರ್ಚಿ ವಿರಳ. 2023ರಲ್ಲಿ ಜಮಖಂಡಿಯನ್ನೇ ಕೇಂದ್ರವಾಗಿಸಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿದಾಗ ಮೊದಲ ಸಲ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಧ್ಯಾಪಕರು ಬೆಳಿಗ್ಗೆ ಬಸ್ಸು ಹತ್ತಿ, ಸಿಲೆಬಸ್ ತಯಾರಿಸುವ ಸಭೆಯಲ್ಲಿ ಕೂತು, ಸಂಜೆ ಮನೆ ಸೇರುವಷ್ಟು ಹತ್ತಿರಕ್ಕೆ ವಿಶ್ವವಿದ್ಯಾಲಯ ಬಂತು. ಕಲಿಸುವವರು, ಗುರಿ ಬರೆಯುವವರು, ಪ್ರಶ್ನೆ ತೆಗೆಯುವವರು ಒಬ್ಬರನ್ನೊಬ್ಬರು ಮುಖ ನೋಡಿ ಮಾತಾಡಬಹುದಾದ ಗಾತ್ರ ಅದು. ಅದರ ಕಟ್ಟಡ, ಅನುದಾನ, ಸಿಬ್ಬಂದಿಯ ಬಗ್ಗೆ ಪತ್ರಿಕೆಗಳು ಬರೆದವು, ಈ ಲಾಭದ ಬಗ್ಗೆ ಯಾರೂ ಬರೆಯಲಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತೆತ್ತಿದಾಗ ಆ ಪಟ್ಟಿಯಲ್ಲಿ ಬಾಗಲಕೋಟೆಯ ಹೆಸರೂ ಇತ್ತು. ಮುಚ್ಚಿದರೆ ಕಡತ ಮತ್ತೆ ಬೆಳಗಾವಿಯ ದಾರಿ ಹಿಡಿಯುತ್ತದೆ. ಇರುವಷ್ಟು ದಿನ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪ್ರತಿ ಪ್ರಶ್ನೆಯ ಎದುರಿಗೆ ಅದು ಯಾವ ಗುರಿಯದ್ದೆಂದು ಅಚ್ಚು ಹಾಕಿಸುವ ಠರಾವೊಂದನ್ನು ಮುಂದಿನ ಮಂಡಳಿ ಸಭೆಯ ಅಜೆಂಡಾದಲ್ಲಿ ಇಡಲು ಯಾವ ಅನುದಾನವೂ ಬೇಕಿಲ್ಲ.